ದಾಳ ಹೇಳುವ ಅಂತರಿಕ್ಷದ ಕಥೆ

ಡಬ್ಲಿನ್‌ನಲ್ಲಿ 1989ರಲ್ಲಿ ಆರಂಭವಾದ ಗೇಲ್‌ಕಾನ್ ಆಟದ ಮೇಳಕ್ಕೆ ಹೊರಟ ಮಕ್ಕಳ ಕೈಯಲ್ಲಿ ದಾಳ ಕಂಡರೆ ನಾವು ಹಿರಿಯರು ಜೂಜೆಂದು ಹೆದರುವುದುಂಟು. ಇದು ಪಾತ್ರ ವಹಿಸಿ ಕಥೆ ಕಟ್ಟುವ ಆಟ. ಪಾತ್ರದ ಯತ್ನ ಫಲಿಸಿತೇ ಎಂಬುದನ್ನು ದಾಳ ಹೇಳುತ್ತದೆ.

1977ರಲ್ಲಿ ಅಮೆರಿಕದ ಮಾರ್ಕ್ ಮಿಲ್ಲರ್ ರಚಿಸಿದ ‘ಟ್ರಾವೆಲರ್’ನಲ್ಲಿ ಗುಂಡು ಗುರಿ ಮುಟ್ಟಲು ಎರಡು ದಾಳ ಸೇರಿ 8 ಆದರೂ ಬೀಳಬೇಕು. ನಮ್ಮ ಚೌಕಾಬಾರದ ಅಷ್ಟ ನೆನಪಾಯಿತೇ? ಪಾತ್ರ ನಾಲ್ಕು ನಾಲ್ಕು ವರ್ಷದ ಸೇವೆ ಮಾಡಿ ವಿದ್ಯೆ ಗಳಿಸಬೇಕು. ಸೇವೆ ಬೆಳೆದಂತೆ ವಯಸ್ಸೂ ಅಪಾಯವೂ ಜೊತೆಗೇ ಬೆಳೆಯುತ್ತವೆ (ಪರದೇಶದಲ್ಲಿ ದುಡಿಯುವ ನಮಗಿದು ಹೊಸದಲ್ಲ). ದಾಳ ಕೈಕೊಟ್ಟರೆ ಆಟ ಶುರುವಾಗುವ ಮೊದಲೇ ಪಾತ್ರಕ್ಕೆ ಸಾವು!

1987ರ ‘ಸ್ಟಾರ್ ವಾರ್ಸ್’ ಆಟ ಉದಾರಿ. ನಿಪುಣತೆ ಹೆಚ್ಚಿದಷ್ಟೂ ಹಿಡಿತುಂಬ ದಾಳ. ಸಿನಿಮಾ ನಾಯಕನಿಗೆ ಅದೇ ಸರಿ; ನಮಗೆ ಮಾತ್ರ ಹಳೆಯ ಜಿಪುಣನೇ ಮೆಚ್ಚು.