ಮೋಟಾರು ಮತ್ತು ಸ್ವಿಚ್ಚಿನ ವೋಲ್ಟೇಜ್ ಮರುಜೋಡಣೆ

ಮೋಟಾರು ಮತ್ತು ಸ್ವಿಚ್ಚಿನ ವೋಲ್ಟೇಜ್ ಮರುಜೋಡಣೆ ಎಂದರೆ ಕಡಿಮೆ ವೋಲ್ಟೇಜಿನಲ್ಲಿ ನಡೆಯುತ್ತಿದ್ದ ಯಂತ್ರವನ್ನು ಹೆಚ್ಚಿನ ವೋಲ್ಟೇಜಿನಲ್ಲಿ ನಡೆಯುವಂತೆ ತಂತಿಗಳ ಸಂಪರ್ಕವನ್ನು ಬದಲಾಯಿಸುವ ಕೆಲಸ. ನಾಮಫಲಕದಲ್ಲಿ ಎರಡು ವೋಲ್ಟೇಜುಗಳನ್ನು ನಮೂದಿಸಿರುವ ಮೋಟಾರುಗಳಲ್ಲಿ ಮಾತ್ರ ಇದು ಸಾಧ್ಯ. ಮೋಟಾರಿನ ಸಂಪರ್ಕವನ್ನಷ್ಟೇ ಬದಲಿಸಿ ಸ್ವಿಚ್ಚನ್ನು ಹಾಗೆಯೇ ಬಿಟ್ಟರೆ ಯಂತ್ರಕ್ಕೆ ರಕ್ಷಣೆ ಇಲ್ಲದಂತಾಗುತ್ತದೆ.

ಹಿನ್ನೆಲೆ

ಭಾರತದಲ್ಲಿ ಒಂಟಿ ಫೇಸ್ ವಿದ್ಯುತ್ತು 230 ವೋಲ್ಟ್, ಮೂರು ಫೇಸ್ ವಿದ್ಯುತ್ತು 400 ವೋಲ್ಟ್ ಇರುತ್ತದೆ. ಹಳೆಯ ನಾಮಫಲಕಗಳಲ್ಲಿ 415 ಎಂದಿರುವುದುಂಟು. ಎರಡರಲ್ಲಿಯೂ ಆವರ್ತನ 50 ಹರ್ಟ್ಸ್. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆಗಳಿಗೂ ಚಳ್ಳಕೆರೆಯು ಶೇಂಗಾ ಎಣ್ಣೆ ಗಿರಣಿಗಳಿಗೂ ಹೆಸರಾಗಿವೆ. ಕಂಡಿಕೆ ಸುತ್ತುವ ಸಣ್ಣ ಯಂತ್ರಕ್ಕೆ ಒಂಟಿ ಫೇಸ್ ಸಾಕು. ಗಿರಣಿಯಂಥ ಭಾರದ ಕೆಲಸಕ್ಕೆ ಮೂರು ಫೇಸ್ ಬೇಕು. ಬೇರೆಡೆಯಿಂದ ತಂದ ಯಂತ್ರವನ್ನು ಇಂಥ ಊರುಗಳಲ್ಲಿ ದೊರೆಯುವ ವಿದ್ಯುತ್ತಿಗೆ ಹೊಂದಿಸಬೇಕಾದಾಗ ಮರುಜೋಡಣೆ ಅಗತ್ಯವಾಗುತ್ತದೆ.

ಒಂಟಿ ಫೇಸ್ ಮೋಟಾರು

ಅಮೆರಿಕದಿಂದ ಬಂದ ಯಂತ್ರಗಳಲ್ಲಿ 115/230 ವೋಲ್ಟಿನ ಮೋಟಾರು ಸಾಮಾನ್ಯ. ಇದರ ಮುಖ್ಯ ಸುರುಳಿಯು ಎರಡು ಭಾಗಗಳಾಗಿರುತ್ತದೆ. 115 ವೋಲ್ಟಿಗೆ ಅವನ್ನು ಸಮಾಂತರವಾಗಿ, 230 ವೋಲ್ಟಿಗೆ ಸರಣಿಯಾಗಿ ಜೋಡಿಸುತ್ತಾರೆ. ಸರಣಿಯಲ್ಲಿ ಪ್ರತಿ ಭಾಗಕ್ಕೂ ಮೊದಲಿನಂತೆ 115 ವೋಲ್ಟೇ ದೊರೆಯುತ್ತದೆ. ತಂತಿಯಲ್ಲಿ ಹರಿಯುವ ವಿದ್ಯುತ್ಪ್ರವಾಹ ಅರ್ಧಕ್ಕೆ ಇಳಿಯುತ್ತದೆ. ಪ್ರಾರಂಭಿಕ ಸುರುಳಿಯು 115 ವೋಲ್ಟಿನದಾಗಿದ್ದರೆ ಅದನ್ನು ಮುಖ್ಯ ಸುರುಳಿಯ ಒಂದು ಭಾಗಕ್ಕೆ ಮಾತ್ರ ಜೋಡಿಸಬೇಕು. ಪೂರ್ಣ 230 ವೋಲ್ಟಿಗೆ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ.

60 ಹರ್ಟ್ಸಿನ ಮೋಟಾರು 50 ಹರ್ಟ್ಸಿನಲ್ಲಿ ಆರನೇ ಒಂದು ಭಾಗದಷ್ಟು ನಿಧಾನವಾಗಿ ತಿರುಗುತ್ತದೆ. ನಾಲ್ಕು ಧ್ರುವಗಳ ಮೋಟಾರಿನ ಸಮಕಾಲಿಕ ವೇಗ ನಿಮಿಷಕ್ಕೆ 1800 ಸುತ್ತುಗಳಿಂದ 1500ಕ್ಕೆ ಇಳಿಯುತ್ತದೆ, ಬಿಸಿಯೂ ಹೆಚ್ಚಾಗುತ್ತದೆ. ಮರುಜೋಡಣೆಯಿಂದ ಈ ದೋಷ ನೀಗುವುದಿಲ್ಲ.

ಮೂರು ಫೇಸ್ ಮೋಟಾರು

ನಾಮಫಲಕದಲ್ಲಿ 230/400 ವೋಲ್ಟ್ ಎಂದಿದ್ದರೆ 230ಕ್ಕೆ ಡೆಲ್ಟಾ, 400ಕ್ಕೆ ಸ್ಟಾರ್ ಜೋಡಣೆ ಎಂದು ಅರ್ಥ. ಟರ್ಮಿನಲ್ ಪೆಟ್ಟಿಗೆಯ ಆರು ಮೊಳೆಗಳ ಮೇಲಿನ ಲೋಹದ ಪಟ್ಟಿಗಳನ್ನು ಲಂಬವಾಗಿಟ್ಟರೆ ಡೆಲ್ಟಾ. ಒಂದೇ ಸಾಲಿನ ಮೂರು ಮೊಳೆಗಳನ್ನು ಅಡ್ಡಲಾಗಿ ಕೂಡಿಸಿದರೆ ಸ್ಟಾರ್. ಇಂಥ ಮೋಟಾರನ್ನು ಡೆಲ್ಟಾದಲ್ಲಿಯೇ ಬಿಟ್ಟು 400 ವೋಲ್ಟ್ ಕೊಟ್ಟರೆ ಸುರುಳಿಗೆ 1.73 ಪಟ್ಟು ವೋಲ್ಟೇಜ್ ತಗುಲಿ ಅದು ಬೇಗನೆ ಸುಡುತ್ತದೆ. ನಾಮಫಲಕದಲ್ಲಿ 400 ವೋಲ್ಟ್ ಡೆಲ್ಟಾ ಎಂದೇ ಇದ್ದರೆ ಡೆಲ್ಟಾ ಜೋಡಣೆಯೇ ಸರಿ. ಒಂಟಿ ಫೇಸ್ ಮೋಟಾರನ್ನು ತಂತಿ ಬದಲಿಸಿ ಮೂರು ಫೇಸ್ ಮೋಟಾರನ್ನಾಗಿ ಮಾಡಲಾಗದು.

ಸ್ವಿಚ್ಚು ಮತ್ತು ಸ್ಟಾರ್ಟರು

ಸ್ವಿಚ್ಚು ಹೊಸ ವೋಲ್ಟೇಜನ್ನು ತಾಳುವಂತಿರಬೇಕು. ಒಂಟಿ ಫೇಸಿನಲ್ಲಿ ಅದು ಫೇಸ್ ತಂತಿಯನ್ನು ಕಡಿಯಲೇಬೇಕು. ಎರಡೂ ತಂತಿಗಳನ್ನು ಕಡಿಯುವ ಸ್ವಿಚ್ಚು ಹೆಚ್ಚು ಸುರಕ್ಷಿತ. ಮೂರು ಫೇಸಿಗೆ ಮೂರನ್ನೂ ಒಟ್ಟಿಗೆ ಕಡಿಯುವ ಸ್ವಿಚ್ಚು ಬೇಕು. ಸ್ಟಾರ್ಟರಿನಲ್ಲಿ ಮುಖ್ಯವಾಗಿ ಎರಡು ಅಂಶಗಳನ್ನು ಪರೀಕ್ಷಿಸಬೇಕು:

- ಕಾಂಟ್ಯಾಕ್ಟರಿನ ಕಾಯಿಲ್: 230 ವೋಲ್ಟಿನ ಕಾಯಿಲನ್ನು ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಜೋಡಿಸಬೇಕು. ಎರಡು ಫೇಸುಗಳ ನಡುವೆ ಜೋಡಿಸಿದರೆ ಅದು ಸುಡುತ್ತದೆ. 400 ವೋಲ್ಟಿನ ಕಾಯಿಲಿಗೆ 230 ಕೊಟ್ಟರೆ ಅದು ಸರಿಯಾಗಿ ಎಳೆಯದೆ ಗುಂಯ್‌ಗುಡುತ್ತದೆ.
- ಓವರ್‌ಲೋಡ್ ರಿಲೇ: ನಾಮಫಲಕದಲ್ಲಿ 3.3/1.9 ಆಂಪಿಯರ್ ಎಂದಿದ್ದರೆ ಹೆಚ್ಚಿನ ವೋಲ್ಟೇಜಿಗೆ 1.9ಕ್ಕೆ ಇಡಬೇಕು. ಹಳೆಯ 3.3ರಲ್ಲಿಯೇ ಉಳಿದರೆ ಮೋಟಾರಿನ ಮೇಲೆ ಅತಿಭಾರ ಬಿದ್ದರೂ ರಿಲೇ ಕಡಿಯದು. ಯಂತ್ರ ಚೆನ್ನಾಗಿ ನಡೆಯುತ್ತಿರುವಂತೆ ಕಾಣುವುದರಿಂದ ಈ ತಪ್ಪು ಸುರುಳಿ ಸುಟ್ಟ ಮೇಲೆಯೇ ಬೆಳಕಿಗೆ ಬರುವುದುಂಟು.

ಸುರಕ್ಷತೆ

ಮುಖ್ಯ ಸ್ವಿಚ್ಚನ್ನು ಆರಿಸಿ, ಫ್ಯೂಸುಗಳನ್ನು ತೆಗೆದು, ತಂತಿಗಳಲ್ಲಿ ವಿದ್ಯುತ್ ಇಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಂಡ ನಂತರವೇ ಪೆಟ್ಟಿಗೆಯನ್ನು ತೆರೆಯಬೇಕು. ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ಅದನ್ನು ರೋಧಕದ ಮೂಲಕ ಬರಿದು ಮಾಡಬೇಕು. ಯಂತ್ರದ ದೇಹಕ್ಕೆ ಭೂಸಂಪರ್ಕ ಕಡ್ಡಾಯ. ಮೊದಲ ಚಾಲನೆಯನ್ನು ಭಾರವಿಲ್ಲದೆ ಮಾಡಿ, ತಿರುಗುವ ದಿಕ್ಕನ್ನೂ ವಿದ್ಯುತ್ಪ್ರವಾಹವನ್ನೂ ಗಮನಿಸಬೇಕು. ಮೂರು ಫೇಸ್ ಮೋಟಾರು ಹಿಮ್ಮುಖವಾಗಿ ತಿರುಗಿದರೆ ವಿದ್ಯುತ್ ಆರಿಸಿ ಯಾವುದಾದರೂ ಎರಡು ಫೇಸ್ ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು. ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಮಾಡಿಸುವುದು ಸೂಕ್ತ.