ಮನೆಗೂ ಹೊಲಕ್ಕೂ ಒಂದೇ ತಂತಿ

ಶಿವನಸಮುದ್ರದ ವಿದ್ಯುತ್ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಆಗ ಬೀದರ್ ನಿಜಾಮರ ಸಂಸ್ಥಾನದಲ್ಲಿತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ಗಡಿ ತಾಲೂಕು ಭಾಲ್ಕಿಯ ಸಾಯಗಾಂವದಂಥ ಊರುಗಳಿಗೆ ಬೆಳಕು ಕೊಡುವ ಹೊಣೆ ಮಂಡಳಿಯ ಪಾಲಿಗೆ ಬಂತು.

ಆದರೆ ಕಂಬ ನೆಟ್ಟ ಮಾತ್ರಕ್ಕೆ ದೀಪ ನಿಲ್ಲುವುದಿಲ್ಲ. ಗ್ರಾಮೀಣ ಕರ್ನಾಟಕದಲ್ಲಿ ಬಹುಕಾಲ ಮನೆಯ ದೀಪ, ಹಿಟ್ಟಿನ ಗಿರಣಿ, ಹೊಲದ ಪಂಪ್‌ಸೆಟ್ ಎಲ್ಲವೂ ಒಂದೇ 11 ಕಿಲೋವೋಲ್ಟ್ ಮಾರ್ಗವನ್ನು ನೆಚ್ಚಿದ್ದವು. ಪಂಪುಗಳು ಒಟ್ಟಿಗೆ ಓಡಿದರೆ ವೋಲ್ಟೇಜ್ ಕುಸಿಯುತ್ತಿತ್ತು, ಟ್ರಾನ್ಸ್‌ಫಾರ್ಮರ್ ಸುಡುತ್ತಿತ್ತು. ಪಂಪಿನ ಹೊರೆ ತಗ್ಗಿಸಲು ತ್ರೀ ಫೇಸ್ ನಿಲ್ಲಿಸಿದರೆ ಗಿರಣಿಯೂ ನಿಲ್ಲುತ್ತಿತ್ತು. ಸಿಂಗಲ್ ಫೇಸಿನಲ್ಲೇ ಪಂಪು ಓಡಿಸಲು ಕೆಲವರು ಕೆಪಾಸಿಟರ್ ಜೋಡಿಸಿದಾಗ ಮನೆಯ ದೀಪ ಮತ್ತಷ್ಟು ಮಂಕಾಯಿತು. ರೈತನನ್ನು ದೂರುವುದು ಸುಲಭ. ಒಣಗುವ ಬೆಳೆ ಕಾಯುವುದಿಲ್ಲ.

ಇದಕ್ಕೆ ಪರಿಹಾರ ತಂತಿಯನ್ನೇ ಬೇರ್ಪಡಿಸುವುದು. ಗುಜರಾತ್ 2003ರಲ್ಲಿ ಜ್ಯೋತಿಗ್ರಾಮ ಯೋಜನೆಯಿಂದ ಈ ದಾರಿ ಹಿಡಿಯಿತು. ಕರ್ನಾಟಕದಲ್ಲಿ ಆ ದಶಕದ ಕೊನೆಯ ಹೊತ್ತಿಗೆ ಇದೇ ಉದ್ದೇಶದ ‘ನಿರಂತರ ಜ್ಯೋತಿ’ ಬಂತು. ಬೀದರ್ ಜಿಲ್ಲೆಯ ವಿತರಣೆ 2002ರಿಂದ ಜೆಸ್ಕಾಂ ಕೈಯಲ್ಲಿದೆ. ಪ್ರತ್ಯೇಕ ಮಾರ್ಗವಿದ್ದರೆ ಹೊಲಕ್ಕೆ ಗೊತ್ತಾದ ಹೊತ್ತಿನಲ್ಲಿ ತ್ರೀ ಫೇಸ್ ಕೊಟ್ಟು, ಊರಿಗೆ ದಿನವಿಡೀ ವಿದ್ಯುತ್ ಹರಿಸಬಹುದು. 2014ರಲ್ಲಿ ಕೇಂದ್ರ ರೂಪಿಸಿದ ದೀನದಯಾಳ್ ಉಪಾಧ್ಯಾಯ ಗ್ರಾಮ ಜ್ಯೋತಿ ಯೋಜನೆಯೂ ಈ ಬೇರ್ಪಡಿಕೆಗೆ ಒತ್ತು ನೀಡಿತು.

ವಿದ್ಯುತ್ತಿನ ಕೊರತೆ ಎಂದಾಗ ನಮ್ಮ ಕಣ್ಣು ಜಲಾಶಯದತ್ತ ಹೊರಳುತ್ತದೆ. ಓದುವ ಮಗುವಿನ ದೀಪಕ್ಕೂ ಅಪ್ಪನ ಕಬ್ಬಿಗೂ ಜಗಳ ಹಚ್ಚಿದ್ದು ಮಾತ್ರ, ಊರಾಚೆಯ ಕಂಬದ ಮೇಲಿನ ಒಂದೇ ತಂತಿ.