ಮೊಹಾವಿಯ ಒಣಕೆರೆಗಳೂ ಎಳೆದೊಯ್ದ ಕಾರುಗಳೂ

ಲಾಸ್ ಏಂಜಲೀಸ್ ನಗರದಿಂದ ಉತ್ತರಾಭಿಮುಖವಾಗಿ ಹೊರಟು, ಸ್ಯಾನ್ ಗೇಬ್ರಿಯಲ್ ಪರ್ವತಶ್ರೇಣಿಯನ್ನು ದಾಟಿ, ಸುಮಾರು 100 ಮೈಲಿ ಕ್ರಮಿಸಿದರೆ ಎದುರಾಗುವ ಮೊಹಾವಿ ಮರುಭೂಮಿಯಲ್ಲಿ, ಕೆರೆಯೆಂದು ಹೆಸರು ಹೊತ್ತಿದ್ದರೂ ವರ್ಷದ ಬಹುಭಾಗ ಹನಿ ನೀರನ್ನೂ ಕಾಣದ ಕೆಲವು ವಿಶಾಲ ಬಯಲುಗಳಿವೆ. ಚಳಿಗಾಲದ ಅಲ್ಪವೃಷ್ಟಿಗೆ ಅವುಗಳಲ್ಲಿ ತೆಳುವಾಗಿ ನೀರು ನಿಲ್ಲುತ್ತದೆ. ಗಾಳಿ ಆ ನೀರನ್ನು ಅತ್ತಿಂದಿತ್ತ ತಳ್ಳಾಡುವಾಗ ಜೇಡಿಮಣ್ಣು ಕದಡಿ, ಹಳೆಯ ಬಿರುಕುಗಳನ್ನೂ ಗಾಲಿಗಳ ಗುರುತುಗಳನ್ನೂ ತುಂಬಿ, ಬೇಸಗೆಯ ಬಿಸಿಲಿಗೆ ಒಣಗಿದಾಗ ಮನುಷ್ಯ ಕಟ್ಟಿದ ಯಾವ ರಸ್ತೆಗೂ ಸಾಟಿಯಾಗುವ ಸಮತಲವೊಂದು ಸಿದ್ಧವಾಗಿರುತ್ತದೆ. ಪ್ರಕೃತಿಯೇ ವರ್ಷಕ್ಕೊಮ್ಮೆ ದುರಸ್ತಿ ಮಾಡಿಕೊಡುತ್ತಿದ್ದ ಈ ಅಂಗಳಗಳಲ್ಲಿ, ಅದರಲ್ಲಿಯೂ ಮ್ಯೂರಾಕ್ ಎಂಬ ಅತಿ ದೊಡ್ಡ ಒಣಕೆರೆಯಲ್ಲಿ, ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಶ್ರೀಮಂತರೂ ಅಲ್ಲದ, ಪದವೀಧರರೂ ಅಲ್ಲದ ತರುಣರು ಹಳೆಯ ಕಾರುಗಳನ್ನು ತಮ್ಮ ಕೈಯಿಂದಲೇ ಬಿಚ್ಚಿ, ಮಾರ್ಪಡಿಸಿ, ಮರಳಿ ಜೋಡಿಸಿ, ಅವುಗಳ ವೇಗವನ್ನು ಅಳೆದುಕೊಳ್ಳಲು ಸೇರತೊಡಗಿದರು. ಮುಂದೆ ಹಾಟ್‌ರಾಡ್ ಎಂದು ಲೋಕವಿಖ್ಯಾತವಾದ ಹವ್ಯಾಸದ ಜನ್ಮಭೂಮಿ ಇದೇ.

ಈ ಹವ್ಯಾಸದ ಚರಿತ್ರೆಯನ್ನು ವೇಗದ ದಾಖಲೆಗಳ ಸರಮಾಲೆಯಾಗಿ ಹೇಳುವುದು ರೂಢಿ. ಯಾರು ಯಾವ ವರ್ಷ ಗಂಟೆಗೆ ಎಷ್ಟು ಮೈಲಿ ಓಡಿಸಿದರೆಂಬುದು ತಿಳಿಯಬೇಕಾದದ್ದೇ. ಆದರೆ ಅದಕ್ಕಿಂತಲೂ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆದಿರುವ ಪ್ರಶ್ನೆ, ಆ ಕಾರು ಮನೆಯಿಂದ ಆ ಬಯಲಿಗೆ ಹೇಗೆ ಬಂದಿತು, ಓಟ ಮುಗಿದ ಮೇಲೆ ಹೇಗೆ ಮನೆಗೆ ಮರಳಿತು ಎಂಬುದು. ತನ್ನ ಗಾಲಿಗಳ ಮೇಲೆ ತಾನೇ ಓಡಿ ಬರುತ್ತಿದ್ದ ಕಾರು ಇನ್ನೊಂದು ವಾಹನದ ಹಿಂದೆ ಕಟ್ಟಿಸಿಕೊಂಡು ಬರುವಂತಾದ ಗಳಿಗೆಯಲ್ಲಿ ಈ ಹವ್ಯಾಸದ ಸ್ವರೂಪವೇ ಬದಲಾಯಿತೆಂದು ನಾನು ಭಾವಿಸಿದ್ದೇನೆ.

ಮೊದಲು ಅವರ ಕೈಗೆ ಸಿಕ್ಕ ವಾಹನ ಯಾವುದೆಂಬುದನ್ನು ನೋಡಬೇಕು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕು ತಯಾರಾದ ಫೋರ್ಡ್ ಕಂಪೆನಿಯ ಟಿ ಮಾದರಿಯ ಕಾರು ಕೇವಲ 20 ಅಶ್ವಶಕ್ತಿಯದು. ಅದು ಎಲ್ಲೆಲ್ಲಿಯೂ ಅಗ್ಗವಾಗಿ ದೊರೆಯುತ್ತಿದ್ದುದರಿಂದಲೇ ಪ್ರಯೋಗಕ್ಕೆ ಒದಗಿತು. ಅದರ ಎಂಜಿನ್ನಿಗಾಗಿ ಷೆವ್ರೊಲೆ ಸಹೋದರರು ಫ್ರಾಂಟೆನಾಕ್ ಎಂಬ ಹೆಸರಿನಲ್ಲಿ ಬೇರೆ ಸಿಲಿಂಡರ್ ಹೆಡ್ಡನ್ನೇ ತಯಾರಿಸಿ ಮಾರುತ್ತಿದ್ದರು. ಆದರೆ 1932ರಲ್ಲಿ ಅದೇ ಫೋರ್ಡ್ ಕಂಪೆನಿ ಎಂಟು ಸಿಲಿಂಡರುಗಳ ವಿ-8 ಎಂಜಿನ್ನನ್ನು ಸಾಮಾನ್ಯರ ಬೆಲೆಯ ಕಾರಿಗೆ ಕೂಡಿಸಿದಾಗ ಈ ತರುಣರಿಗೆ ನಿಧಿ ದೊರೆತಂತಾಯಿತು. 221 ಘನ ಅಂಗುಲದ, 65 ಅಶ್ವಶಕ್ತಿಯ ಆ ಎಂಜಿನ್ನು ದೋಷರಹಿತವಾಗಿತ್ತೆಂದಲ್ಲ. ವಾಲ್ವುಗಳೆಲ್ಲ ಹೆಡ್ಡಿನಲ್ಲಿರದೆ ಬ್ಲಾಕಿನಲ್ಲಿಯೇ ಕುಳಿತಿದ್ದುದರಿಂದ, ಸುಟ್ಟ ಅನಿಲ ಬ್ಲಾಕಿನೊಳಗಣ ನೀರಿನ ಅಂಕಣವನ್ನು ಹಾದೇ ಹೊರಗೆ ಹೋಗಬೇಕಾಗಿತ್ತು. ತತ್ಫಲವಾಗಿ ರೇಡಿಯೇಟರು ಕುದಿಯುತ್ತಿತ್ತು, ವಾಲ್ವಿನ ಪೀಠದಿಂದ ಸಿಲಿಂಡರಿನ ಕಡೆಗೆ ಬ್ಲಾಕು ಸೀಳುತ್ತಿತ್ತು. ಒತ್ತಡವನ್ನು ಹೆಚ್ಚಿಸಲೆಂದು ಅಲ್ಯೂಮಿನಿಯಂ ಹೆಡ್ಡನ್ನು ಕೂರಿಸಿದರೆ ವಾಲ್ವಿನಿಂದ ಸಿಲಿಂಡರಿಗೆ ಮಿಶ್ರಣ ಹರಿಯುವ ದಾರಿ ಕಿರಿದಾಗುತ್ತಿತ್ತು. ಆ ದಾರಿಯನ್ನು ಅಗಲಿಸಲು ಬ್ಲಾಕಿನ ಮೇಲ್ಮೈಯನ್ನು ಉಜ್ಜಿ ತೆಗೆದರೆ ಗಳಿಸಿದ ಒತ್ತಡದಲ್ಲಿ ಒಂದಂಶ ಕಳೆದುಹೋಗುತ್ತಿತ್ತು. ಈ ಎರಡರ ನಡುವಣ ಸಮತೂಕವನ್ನು ಯಾವ ಪುಸ್ತಕವೂ ಆಗ ಹೇಳಿಕೊಡುತ್ತಿರಲಿಲ್ಲ. ಒಡೆದ ಪಿಸ್ಟನ್ನುಗಳೂ ಸುಟ್ಟ ಗ್ಯಾಸ್ಕೆಟ್ಟುಗಳೂ ಹೇಳಿಕೊಟ್ಟವು.

ಆ ಕಾಲದ ಕ್ರಮ ಹೀಗಿದ್ದಿತು: ವಾರದ ದಿನಗಳಲ್ಲಿ ಕೆಲಸಕ್ಕೆ ಒಯ್ಯುತ್ತಿದ್ದ ಕಾರನ್ನೇ ಶನಿವಾರ ಸಂಜೆ ಪರ್ವತದಾಚೆಗೆ ಓಡಿಸಿಕೊಂಡು ಬಂದು, ರಾತ್ರಿ ಒಣಕೆರೆಯ ಮೇಲೆಯೇ ಕಂಬಳಿ ಹೊದ್ದು ಮಲಗಿ, ಗಾಳಿ ಏಳುವುದಕ್ಕೆ ಮುನ್ನ ಮುಂಜಾವಿನಲ್ಲಿ ಎದ್ದು, ಮಡ್‌ಗಾರ್ಡು, ಹೆಡ್‌ಲೈಟು, ಮುಂಗಾಜು ಇವೆಲ್ಲವನ್ನೂ ಕಳಚಿ ಒಂದೆಡೆ ರಾಶಿ ಹಾಕಿ ಓಡಿಸುವುದು, ಅನಂತರ ಅವೆಲ್ಲವನ್ನೂ ಮತ್ತೆ ತೊಡಿಸಿ, ಸೋಮವಾರದ ದುಡಿಮೆಗೆ ತಡವಾಗದಂತೆ ಊರು ಸೇರುವುದು. ಕ್ಯಾನ್ಸಾಸಿನಿಂದ ಕ್ಯಾಲಿಫೋರ್ನಿಯಕ್ಕೆ ವಲಸೆ ಬಂದು ಗ್ಯಾರೇಜು ನಡೆಸುತ್ತಿದ್ದ ವಿಕ್ ಎಡೆಲ್‌ಬ್ರಾಕ್ ಅವರ 1932ರ ಫೋರ್ಡ್ ರೋಡ್‌ಸ್ಟರ್ ಈ ದ್ವಿಪಾತ್ರಾಭಿನಯಕ್ಕೆ ಉತ್ತಮ ನಿದರ್ಶನ. ಎರಡು ಕಾರ್ಬುರೇಟರುಗಳನ್ನು ಹೊರುವ ಮ್ಯಾನಿಫೋಲ್ಡೊಂದನ್ನು ಅವರು ತಮ್ಮ ಸ್ವಂತ ಕಾರಿಗಾಗಿ ರೂಪಿಸಿಕೊಂಡರು; ನೋಡಿದವರು ತಮಗೂ ಬೇಕೆಂದರು; ಯುದ್ಧಾನಂತರ ಅದೇ ದೊಡ್ಡ ಉದ್ಯಮವಾಯಿತು. 1941ರ ನವೆಂಬರಿನಲ್ಲಿ ರೋಸಮಂಡ್ ಎಂಬ ಇನ್ನೊಂದು ಒಣಕೆರೆಯ ಮೇಲೆ ಅವರ ಕಾರು ಗಂಟೆಗೆ 121 ಮೈಲಿಯ ವೇಗವನ್ನು ದಾಟಿತು. ಈ ಸಂಖ್ಯೆಯನ್ನು ಓದುವಾಗ, ಆ ಕಾರು ನಿತ್ಯವೂ ಬೀದಿಯಲ್ಲಿ ಓಡಾಡುತ್ತಿದ್ದ ಕಾರೇ ಎಂಬುದನ್ನು ಮರೆಯಲಾಗದು. ಎಂಜಿನ್ನು ಓಟದಲ್ಲಿ ಬಿರಿದರೆ ಸೋಮವಾರದ ಅನ್ನಕ್ಕೂ ಸಂಚಕಾರ. ಆದಕಾರಣ ಅಂದಿನ ಹವ್ಯಾಸಿ ವೇಗವನ್ನು ಹೆಚ್ಚಿಸುವಷ್ಟೇ ಶ್ರದ್ಧೆಯಿಂದ ಬಾಳಿಕೆಯನ್ನೂ ಕಾಯುತ್ತಿದ್ದನು. 1939ರಲ್ಲಿ ಫೋರ್ಡ್ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕು ಬಂದೊಡನೆಯೇ ಅದನ್ನು 1932ರ ಹಳೆಯ ಚಾಸಿಸ್ಸಿಗೆ ಅಳವಡಿಸಿಕೊಂಡವರೂ, ಹಳೆಯ ಗೇರ್‌ಬಾಕ್ಸಿನೊಳಕ್ಕೆ ಲಿಂಕನ್ ಝೆಫಿರ್ ಕಾರಿನ ಗೇರುಗಳನ್ನು ಕೂಡಿಸಿದವರೂ ಇವರೇ. ಒಂದು ಕಂಪೆನಿಯ ಹಲವು ವರ್ಷಗಳ ಭಾಗಗಳಲ್ಲಿ ಯಾವುದು ಯಾವುದಕ್ಕೆ ಹೊಂದುತ್ತದೆಂಬ ಈ ಜ್ಞಾನ, ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳವರು ಬಾಯಲ್ಲಿಯೇ ಇಟ್ಟುಕೊಂಡಿರುವ ವಿದ್ಯೆಯ ಸಹೋದರಿ. ಬರೆದಿಟ್ಟದ್ದು ಕಡಮೆ, ಕೈಯಿಂದ ಕೈಗೆ ಸಂದದ್ದು ಹೆಚ್ಚು.

ಮೊದಮೊದಲು ಮ್ಯೂರಾಕಿನಲ್ಲಿ ಅಂಕೆಯೇ ಇರಲಿಲ್ಲ. ಹಲವು ಕಾರುಗಳು ಸಾಲಾಗಿ ಒಟ್ಟಿಗೆ ಹೊರಡುತ್ತಿದ್ದವು. ಮುಂದಿನವನು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ಏನೂ ಕಾಣದೆ ಅಪಘಾತಗಳೂ ಸಾವುಗಳೂ ಸಂಭವಿಸಿದವು. ತರುಣರ ಚಿಕ್ಕ ಚಿಕ್ಕ ಸಂಘಗಳು ಒಗ್ಗೂಡಿ 1937ರ ನವೆಂಬರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಮಂಡಲಿಯನ್ನು ಸ್ಥಾಪಿಸಿ, 1938ರ ಮೇ ತಿಂಗಳಿನಲ್ಲಿ ಮ್ಯೂರಾಕಿನಲ್ಲಿಯೇ ಪ್ರಥಮ ಸ್ಪರ್ಧೆಯನ್ನು ನಡೆಸಿದವು. ಹೊರಗಿನ ಯಾವ ಅಧಿಕಾರಿಯೂ ಆಜ್ಞಾಪಿಸದಿದ್ದಾಗ, ಹುಡುಗರೆಂದು ಲೋಕ ಕಡೆಗಣಿಸಿದ್ದವರೇ ತಮಗೆ ತಾವು ನಿಯಮಗಳನ್ನು ಬರೆದುಕೊಂಡ ಈ ಪ್ರಸಂಗ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದುದು. ಆ ಮಂಡಲಿ ಇಂದಿಗೂ ಜೀವಂತವಾಗಿದೆ.

ಅಷ್ಟರಲ್ಲಿ ಯುದ್ಧ ಬಂದಿತು. ಮ್ಯೂರಾಕ್ ಸೇನೆಯ ವಿಮಾನ ನೆಲೆಯಾಯಿತು. 1947ರ ಅಕ್ಟೋಬರಿನಲ್ಲಿ ಚಕ್ ಯೇಗರ್ ಶಬ್ದವೇಗವನ್ನು ಮೀರಿ ಹಾರಿದುದು ಆ ನೆಲೆಯಿಂದಲೇ. ನೆಲವನ್ನು ಕಸಿದುಕೊಂಡ ಯುದ್ಧವೇ ಬೇರೆ ಬಗೆಯಲ್ಲಿ ಉಪಕಾರವನ್ನೂ ಮಾಡಿತು: ಕ್ಯಾಲಿಫೋರ್ನಿಯದ ವಿಮಾನ ಕಾರ್ಖಾನೆಗಳಲ್ಲಿ ದುಡಿದವರೂ, ಸೇನೆಯ ವರ್ಕ್‌ಷಾಪುಗಳಲ್ಲಿ ಪಳಗಿದವರೂ ಲೇತಿನ ಕೆಲಸ, ಅಲ್ಯೂಮಿನಿಯಂ ಬೆಸುಗೆ, ಸೂಕ್ಷ್ಮಮಾಪನ ಇವನ್ನೆಲ್ಲ ಕಲಿತು ಮನೆಗೆ ಮರಳಿದರು. (ಅದೇ ಫೋರ್ಡ್ ವಿ-8 ಎಂಜಿನ್ನನ್ನು ಹೊತ್ತು ಕೆನಡಾದಲ್ಲಿ ತಯಾರಾದ ಸೇನಾ ಲಾರಿಗಳು ಭಾರತೀಯ ಸೇನೆಗೂ ಬಂದಿದ್ದವೆಂಬುದನ್ನು ಇಲ್ಲಿ ನೆನೆಯಬಹುದು.) ಪೆಸಿಫಿಕ್ ಸಮುದ್ರಪ್ರದೇಶದಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಬಿಲ್ ಬರ್ಕ್ ಎಂಬವರು, ಯುದ್ಧವಿಮಾನಗಳ ಹೊಟ್ಟೆಗೆ ತಗುಲಿಸುತ್ತಿದ್ದ ಹೆಚ್ಚುವರಿ ಪೆಟ್ರೋಲಿನ ಟ್ಯಾಂಕು ಗಾಳಿಯನ್ನು ಸೀಳಲು ಎಷ್ಟು ಯುಕ್ತವಾದ ಆಕಾರದ್ದೆಂದು ಗುರುತಿಸಿ, 1946ರಲ್ಲಿ ಅದನ್ನೇ ಕಾರಿನ ಒಡಲನ್ನಾಗಿ ಮಾಡಿದರು. ಅದೇ ವರ್ಷ ಬರ್ಬ್ಯಾಂಕಿನಲ್ಲಿ ಸೋ-ಕಾಲ್ ಸ್ಪೀಡ್ ಷಾಪ್ ಎಂಬ ಅಂಗಡಿಯನ್ನು ತೆರೆದ ಅಲೆಕ್ಸ್ ಝೈಡಿಯಾಸ್ ಪಿ-38 ವಿಮಾನದ ದೊಡ್ಡ ಟ್ಯಾಂಕಿನಿಂದ ಮುಂದೆ ಇಂಥದೇ ಪ್ರಸಿದ್ಧ ಕಾರೊಂದನ್ನು ಕಟ್ಟಿದರು. 1948ರಲ್ಲಿ ಸ್ಟೂಅರ್ಟ್ ಹಿಲ್‌ಬಾರ್ನ್ ತಾವೇ ನಿರ್ಮಿಸಿದ ಇಂಧನ ಇಂಜೆಕ್ಷನ್ ಸಾಧನದೊಡನೆ ಒಣಕೆರೆಯ ಮೇಲೆ 150 ಮೈಲಿಯ ವೇಗವನ್ನು ಮೊತ್ತಮೊದಲಿಗೆ ದಾಟಿದರು.

ನಾನು ಆರಂಭದಲ್ಲಿ ಸೂಚಿಸಿದ ಪರಿವರ್ತನೆ ಒದಗುವುದು ಇಲ್ಲಿಯೇ. ಟ್ಯಾಂಕಿನೊಳಗೆ ಮನುಷ್ಯನನ್ನೂ ಎಂಜಿನ್ನನ್ನೂ ತುರುಕಿದ ಈ ವಾಹನಕ್ಕೆ ದೀಪವಿಲ್ಲ, ಮಡ್‌ಗಾರ್ಡಿಲ್ಲ, ಊರ ತಿರುವುಗಳಲ್ಲಿ ತಿರುಗುವ ಸಾಮರ್ಥ್ಯವೂ ಇಲ್ಲ. ಅದನ್ನು ಎಳೆದೇ ಒಯ್ಯಬೇಕು. ಹೀಗೆ ಹವ್ಯಾಸಿಯ ಮನೆಯಲ್ಲಿ ಎರಡು ವಾಹನಗಳಾದವು: ದುಡಿಮೆಗೊಂದು, ಒಲವಿಗೊಂದು. ಎಳೆಯುವ ವಿಧಾನ ಹೊರನೋಟಕ್ಕೆ ಸರಳ. ತ್ರಿಕೋನಾಕಾರದ ಟೋ ಬಾರಿನ ತುದಿಯನ್ನು ಮುಂದಿನ ವಾಹನದ ಬಂಪರಿಗೂ, ಎರಡು ಕಾಲುಗಳನ್ನು ಹಿಂದಿನ ಕಾರಿನ ಮುಂಭಾಗಕ್ಕೂ ಬಂಧಿಸಿದರೆ, ಹಿಂದಿನ ಕಾರಿನ ಮುಂಗಾಲಿಗಳು ತಾವಾಗಿ ತಿರುಗುತ್ತ ಅನುಸರಿಸುತ್ತವೆ. ಆದರೆ ನ್ಯೂಟ್ರಲ್‌ನಲ್ಲಿ ಎಳೆಯಿಸಿಕೊಳ್ಳುವ ಕಾರಿನ ಗೇರ್‌ಬಾಕ್ಸಿನಲ್ಲಿ ಹಿಂದಿನ ಶಾಫ್ಟು ಸುತ್ತುತ್ತಿದ್ದರೂ, ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುವ ಕೆಳಗಿನ ಗೇರುಗುಚ್ಛ ಎಂಜಿನ್ನು ನಿಂತಿರುವುದರಿಂದ ನಿಶ್ಚಲವಾಗಿರುತ್ತದೆ; ನೂರಾರು ಮೈಲಿ ಹೀಗೆ ಸಾಗಿದರೆ ಎಣ್ಣೆ ಕಾಣದ ಬೇರಿಂಗು ಸುಡುತ್ತದೆ. 1948ರವರೆಗಿನ ಫೋರ್ಡ್ ಕಾರುಗಳಲ್ಲಿ ಹಿಂಗಾಲಿಗಳಿಗೆ ಶಕ್ತಿಯೊಯ್ಯುವ ಶಾಫ್ಟು ಮುಚ್ಚಿದ ಕೊಳವೆಯೊಳಗಿದ್ದುದರಿಂದ ಅದನ್ನು ದಾರಿಯಲ್ಲಿ ಕಳಚಿಡುವುದೂ ಸುಲಭವಾಗಿರಲಿಲ್ಲ. ಓಟದ ಕಾರಿನ ಬ್ರೇಕುಗಳು ಪಯಣದಲ್ಲಿ ನಿರುಪಯುಕ್ತ. ಎರಡರ ಭಾರವನ್ನೂ ಇಳಿಜಾರಿನಲ್ಲಿ ಮುಂದಿನ ವಾಹನದ ಬ್ರೇಕುಗಳೇ ತಡೆಯಬೇಕು. ಎಳೆಯುವ ವಾಹನದ ರೇಡಿಯೇಟರು, ಕ್ಲಚ್ಚು, ಟೈರು, ಹಿಂದಿನ ಸ್ಪ್ರಿಂಗು ಎಲ್ಲವೂ ದೃಢವಾಗಿರದೆ ಮರುಭೂಮಿಯನ್ನು ದಾಟುವಂತಿರಲಿಲ್ಲ. ಒಳ್ಳೆಯ ಹವ್ಯಾಸಿ ತನ್ನ ಓಟದ ಕಾರಿನಷ್ಟೇ ಎಚ್ಚರಿಕೆಯಿಂದ ಎಳೆಯುವ ವಾಹನವನ್ನೂ ನೋಡಿಕೊಳ್ಳುತ್ತಿದ್ದನು. ಹೆಸರು ಗಳಿಸಿದ ಕಾರುಗಳ ಚಿತ್ರಗಳಲ್ಲಿ ಅಂಚಿಗೆ ಸರಿದು ನಿಂತಿರುವ ಆ ಅನಾಮಧೇಯ ವಾಹನಗಳಿಗೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದು ನನಗೆ ನಿಜವಾಗಿಯೂ ಅನಿಸಿದೆ.

ಈ ಎಳೆತದ ನಿಜವಾದ ಪರೀಕ್ಷೆ ನಡೆದುದು 1949ರ ಆಗಸ್ಟಿನಲ್ಲಿ. ಯೂಟಾ ಸಂಸ್ಥಾನದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಅದಕ್ಕೆ ಮುಂಚೆ 1935ರಲ್ಲಿಯೇ ಇಂಗ್ಲೆಂಡಿನ ಮಾಲ್ಕಂ ಕ್ಯಾಂಪ್‌ಬೆಲ್ 301 ಮೈಲಿಯ ವೇಗವನ್ನು ಸಾಧಿಸಿದ್ದರು. ಆದರೆ ಅದು ಧನಿಕರ ಸಾಹಸ. ಗ್ಯಾರೇಜಿನ ಹುಡುಗರಿಗೆ ಆ ನೆಲವನ್ನು ಟೈಮಿಂಗ್ ಮಂಡಲಿಯ ವಾಲಿ ಪಾರ್ಕ್ಸ್ ಮೊದಲಾದವರು ಪ್ರಯತ್ನಪಟ್ಟು ದೊರಕಿಸಿದಾಗ, ಅವರು ಲಾಸ್ ಏಂಜಲೀಸಿನಿಂದ 600 ಮೈಲಿಗೂ ಮಿಕ್ಕಿದ ದಾರಿಯನ್ನು ಕ್ರಮಿಸಿ ವೆಂಡೋವರ್ ಎಂಬ ಸಣ್ಣ ಊರನ್ನು ಸೇರಿದರು. ಸಮುದ್ರಮಟ್ಟದಿಂದ ಸುಮಾರು 4,200 ಅಡಿ ಎತ್ತರದ ಆ ಬಯಲಿನ ಗಾಳಿ ತೆಳು. ತಗ್ಗಿನ ಊರಿನಲ್ಲಿ ಹದಗೊಳಿಸಿದ ಕಾರ್ಬುರೇಟರಿನ ಜೆಟ್ಟುಗಳನ್ನು ಅಲ್ಲಿ ಮತ್ತೆ ಬದಲಿಸಬೇಕಾಗಿತ್ತು. ದೊಡ್ಡ ವೇಗಕ್ಕೆಂದು ಗೇರಿನ ಪ್ರಮಾಣವನ್ನು ಹೊಂದಿಸಿದ ಕಾರು ನಿಂತಲ್ಲಿಂದ ತಾನೇ ಹೊರಡಲಾರದು. ಊರಿನಿಂದ ಎಳೆದು ತಂದ ವಾಹನವೇ ಈಗ ಹಿಂದೆ ನಿಂತು, ಬಂಪರನ್ನು ತಾಗಿಸಿ, ಎಂಜಿನ್ನು ಹಿಡಿದುಕೊಳ್ಳುವಷ್ಟು ವೇಗಕ್ಕೆ ನೂಕುತ್ತಿತ್ತು. ಝೈಡಿಯಾಸರ ಅಂಗಡಿಯ ನೀಳದೇಹದ ಕಾರು ಅಲ್ಲಿ 190 ಮೈಲಿಯನ್ನು ಮೀರಿ ಓಡಿತು. ಮರುವರ್ಷ 200ನ್ನು ದಾಟಿತು. ಮನೆಗೆ ಮರಳಿದ ಮೇಲೆ ಮೊದಲ ಕೆಲಸ ಉಪ್ಪನ್ನು ತೊಳೆಯುವುದು: ಸಂದುಗೊಂದುಗಳಲ್ಲಿ ಸೇರಿಕೊಂಡ ಉಪ್ಪು ಓಟದ ಕಾರನ್ನೂ ಎಳೆದ ವಾಹನವನ್ನೂ ಭೇದವಿಲ್ಲದೆ ತಿನ್ನುತ್ತಿತ್ತು.

ಮುಂದಿನ ಕಥೆ ಬಹುಮಟ್ಟಿಗೆ ಪ್ರಸಿದ್ಧ. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್‌ಸನ್ ಆರಂಭಿಸಿದ ಹಾಟ್‌ರಾಡ್ ಮಾಸಪತ್ರಿಕೆ ಈ ವಿದ್ಯೆಯನ್ನು ದೇಶಕ್ಕೆಲ್ಲ ಹಂಚಿತು. 1951ರಲ್ಲಿ ಪಾರ್ಕ್ಸ್ ಹಾಟ್‌ರಾಡ್ ಹವ್ಯಾಸಿಗಳ ರಾಷ್ಟ್ರೀಯ ಸಂಘವನ್ನು ಕಟ್ಟಿದರು. 1954ರಲ್ಲಿ ಆ ಸಂಘದ ನಾಲ್ವರು ಡಾಜ್ ವಾಹನವೊಂದಕ್ಕೆ ಟ್ರೈಲರನ್ನು ಕಟ್ಟಿ, ಅದರಲ್ಲಿ ವೇಗಮಾಪನದ ಉಪಕರಣಗಳನ್ನು ತುಂಬಿಕೊಂಡು ಊರೂರು ಸುತ್ತಿ, ಬೀದಿಗಳಲ್ಲಿ ಕದ್ದು ಪಂದ್ಯ ಆಡುತ್ತಿದ್ದ ಹುಡುಗರನ್ನು ನಿಯಮಬದ್ಧ ಅಂಕಣಕ್ಕೆ ಕರೆತರಲು ಶ್ರಮಿಸಿದರು. ಅವರಲ್ಲಿ ಒಬ್ಬರು ಪೊಲೀಸ್ ಸೇವೆಯಿಂದ ಬಂದವರು. ಸಂಘದ ನಿಯಮಗಳೂ ಊರಿಂದ ಊರಿಗೆ ಸಾಗಿದುದು ಟ್ರೈಲರಿನಲ್ಲಿಯೇ.

1949ರಲ್ಲಿ ಕ್ಯಾಡಿಲಾಕ್, ಓಲ್ಡ್ಸ್‌ಮೊಬಿಲ್ ಕಾರುಗಳಿಗೂ, 1955ರಲ್ಲಿ ಷೆವ್ರೊಲೆ ಕಾರಿಗೂ ಹೆಡ್ಡಿನಲ್ಲಿಯೇ ವಾಲ್ವುಗಳಿದ್ದ ಹೊಸ ವಿ-8 ಎಂಜಿನ್ನುಗಳು ಬಂದಮೇಲೆ ಹಳೆಯ ಫೋರ್ಡಿನ ಕಾಲ ಮುಗಿಯಿತು. ಹವ್ಯಾಸಿಗಳು ಇಪ್ಪತ್ತು ವರ್ಷ ಬೆವರು ಸುರಿಸಿ ಗಳಿಸಿದ ಶಕ್ತಿ ಈಗ ಅಂಗಡಿಯಿಂದ ತಂದ ಎಂಜಿನ್ನಿನಲ್ಲಿಯೇ ಸುಲಭವಾಗಿ ದೊರೆಯುವಂತಾಯಿತು. 1960ರಲ್ಲಿ ಮಿಕಿ ಥಾಂಪ್ಸನ್ ನಾಲ್ಕು ಪಾಂಟಿಯಾಕ್ ಎಂಜಿನ್ನುಗಳ ಕಾರಿನಿಂದ ಬಾನ್‌ವಿಲ್‌ನಲ್ಲಿ ಒಂದು ದಿಕ್ಕಿನ ಓಟದಲ್ಲಿ 406 ಮೈಲಿಯನ್ನು ಮುಟ್ಟಿದರು. ಅದು ಅದ್ಭುತವೇ ಸರಿ. ಆದರೂ ಹಗಲು ದುಡಿಮೆಗೆ ಒಯ್ದು ಭಾನುವಾರ ಬಯಲಿಗೆ ತಂದು, ಒಂದೇ ಯಂತ್ರದಿಂದ ಎರಡು ಧರ್ಮಗಳನ್ನು ನಡೆಸಿದ 121 ಮೈಲಿಯ ರೋಡ್‌ಸ್ಟರ್ ಆ ದೈತ್ಯನಿಗಿಂತ ಮಾನವಸಮೀಪವಾದದ್ದೆಂದು ನನ್ನ ನಂಬಿಕೆ.

ಮ್ಯೂರಾಕ್ ಕೈತಪ್ಪಿದ ಮೇಲೆ ಮಂಡಲಿಯವರು ನೆಚ್ಚಿಕೊಂಡ ಎಲ್ ಮಿರಾಜ್ ಒಣಕೆರೆಯಲ್ಲಿ ಇಂದಿಗೂ ಸ್ಪರ್ಧೆಗಳು ನಡೆಯುತ್ತವೆ. ಬಾನ್‌ವಿಲ್‌ನ ಸ್ಥಿತಿ ಮಾತ್ರ ಕಳವಳಕಾರಿ. ನೆರೆಯಲ್ಲಿ ಪೊಟ್ಯಾಷಿಗಾಗಿ ದಶಕಗಳಿಂದ ಉಪ್ಪುನೀರನ್ನು ಸೆಳೆದುಕೊಂಡದ್ದು ಕಾರಣಗಳಲ್ಲೊಂದಾಗಿ ಉಪ್ಪಿನ ಪದರ ತೆಳ್ಳಗಾಗಿದೆಯೆಂದು ಓಟಗಾರರು ಬಹುಕಾಲದಿಂದ ವಾದಿಸುತ್ತ ಬಂದಿದ್ದಾರೆ. 1997ರಿಂದ ಕೆಲವು ವರ್ಷ ಚಳಿಗಾಲದಲ್ಲಿ ಉಪ್ಪುನೀರನ್ನು ಬಯಲಿಗೆ ಮರಳಿ ಹಾಯಿಸುವ ಯೋಜನೆಯೂ ನಡೆಯಿತು. ಆದರೂ 2014ರಲ್ಲಿ, ಮರಳಿ 2015ರಲ್ಲಿ, ನೆಲ ಓಟಕ್ಕೆ ತಕ್ಕಂತಿಲ್ಲದೆ ವಾರ್ಷಿಕ ಸ್ಪರ್ಧೆ ರದ್ದಾಯಿತು. ಸೀಳಿದ ಬ್ಲಾಕನ್ನೂ ಸುಟ್ಟ ಬೇರಿಂಗನ್ನೂ ತಮ್ಮ ಷೆಡ್ಡುಗಳಲ್ಲಿಯೇ ಸರಿಪಡಿಸಿಕೊಂಡು ಬಂದ ಈ ಜನ ಈಗ ನೆಲದ ದುರಸ್ತಿಗಾಗಿ ಅರ್ಜಿ ಹಿಡಿದು ಸರ್ಕಾರಿ ಕಛೇರಿಗಳ ಮೆಟ್ಟಿಲು ಹತ್ತುತ್ತಿದ್ದಾರೆ. ಉಪ್ಪು ಗಟ್ಟಿಯಾಗಿರುವ ವರ್ಷಗಳಲ್ಲಿ ಆಗಸ್ಟ್ ಬಂದೊಡನೆ ಟ್ರೈಲರುಗಳನ್ನು ಕಟ್ಟಿಕೊಂಡು ವೆಂಡೋವರಿನ ಕಡೆಗೆ ಹೊರಡುತ್ತಾರೆ.